ವೈಮಾನಿಕರ ನಿಯುಕ್ತಿಯೂ ನಿವೃತ್ತಿಯೂ

ವಿಮಾನ ನಡೆಸತಕ್ಕವರನ್ನು ಉದ್ಯೋಗಕ್ಕೆ ತೆಗೆದುಕೊಳ್ಳುವುದೂ, ವಯಸ್ಸಾಯಿತೆಂದು ಬಿಡುಗಡೆ ಮಾಡುವುದೂ ಬೇರೆಬೇರೆ ವಿಷಯಗಳೆಂದು ತೋರಬಹುದು. ಆದರೆ ಇವೆರಡನ್ನೂ ಕೂಡಿಸಿ ನೋಡಿದ ಹೊರತು ಈ ವೃತ್ತಿಯ ಚರಿತ್ರೆಯು ಸ್ಪಷ್ಟವಾಗಲಾರದು. ಮನುಸ್ಮೃತಿಯು ವಾನಪ್ರಸ್ಥಕ್ಕೆ ಸುಕ್ಕು, ನರೆ, ಮೊಮ್ಮಗುವಿನ ದರ್ಶನ ಎಂಬ ಲಕ್ಷಣಗಳನ್ನು ಹೇಳಿತೇ ಹೊರತು ಇಂತಿಷ್ಟು ವರ್ಷವೆಂದು ಎಣಿಸಲಿಲ್ಲ. ವೈಮಾನಿಕ ವೃತ್ತಿಯು ಸಂಖ್ಯೆಯನ್ನೇ ಪ್ರಮಾಣವಾಗಿ ಹಿಡಿಯಿತು. ಆ ಸಂಖ್ಯೆಯನ್ನು ನಿರ್ಣಯಿಸಿದುದು ದೇಹಸ್ಥಿತಿಯೊಂದೇ ಅಲ್ಲವೆಂಬುದು ನಮ್ಮ ಅಭಿಪ್ರಾಯ.

1953ರಲ್ಲಿ ನಮ್ಮ ದೇಶದ ವಿಮಾನಸಂಸ್ಥೆಗಳು ರಾಷ್ಟ್ರೀಕೃತವಾಗಿ ಎರಡು ನಿಗಮಗಳಾದುವು. ಆ ಶಾಸನವು ರದ್ದಾದುದು 1994ರಲ್ಲಿ. ಈ ದೀರ್ಘಕಾಲದಲ್ಲಿ ನಾಗರಿಕ ವೈಮಾನಿಕನಿಗೆ ಸರಕಾರವೇ ಬಹುಮಟ್ಟಿಗೆ ಏಕೈಕ ಯಜಮಾನ. ಸೇರಿದವನು ಸಾಮಾನ್ಯವಾಗಿ ವಯೋಮಿತಿಯವರೆಗೆ ಅಲ್ಲಿಯೇ ಇರುತ್ತಿದ್ದನು.

ಬೆಂಗಳೂರಿನ ಖಾಸಗಿ ಸಂಸ್ಥೆಗಳ ರೀತಿಯೇ ಬೇರೆ. ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥರ ಏರ್ ಡೆಕ್ಕನ್ 2003ರಲ್ಲಿಯೂ, ವಿಜಯ ಮಲ್ಯರ ಕಿಂಗ್‌ಫಿಷರ್ 2005ರಲ್ಲಿಯೂ ಹಾರಾಟವನ್ನಾರಂಭಿಸಿದುವು. ವಿಮಾನಗಳು ಬಂದಷ್ಟು ಬೇಗ ವೈಮಾನಿಕರು ಸಿದ್ಧವಾಗದುದರಿಂದ ವಿದೇಶೀಯರನ್ನೂ ನಿಯಮಿಸಬೇಕಾಯಿತು. ಒಂದು ಸಂಸ್ಥೆಯಿಂದ ಮತ್ತೊಂದಕ್ಕೆ ಹೋಗುವವರನ್ನು ತಡೆಯಲು ಆರು ತಿಂಗಳ ಮುನ್ಸೂಚನೆಯ ನಿಯಮವು 2005ರಲ್ಲಿ ಬಂದಿತು. 2017ರಲ್ಲಿ ಕಮಾಂಡರುಗಳಿಗೆ ಅದು ಒಂದು ವರ್ಷವಾಯಿತು. ಏರ್ ಡೆಕ್ಕನ್ 2008ರಲ್ಲಿ ಕಿಂಗ್‌ಫಿಷರಿನಲ್ಲಿ ಲೀನವಾಯಿತು. 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರೂ ನಿಂತಿತು. ತಾರುಣ್ಯದಲ್ಲಿ ಸೇರಿದವನೊಬ್ಬನೂ ಅಲ್ಲಿ ವಯೋಮಿತಿಯನ್ನು ಮುಟ್ಟುವಂತಿರಲಿಲ್ಲ. ಅಲ್ಲಿ ವೈಮಾನಿಕನಿಗಿಂತ ಮೊದಲು ಸಂಸ್ಥೆಯೇ ನಿವೃತ್ತವಾಯಿತು.

ಇನ್ನು ವಯೋಮಿತಿಯ ವಿಚಾರ. ಅಮೆರಿಕವು 1960ರಲ್ಲಿ 60 ವರ್ಷದ ಮಿತಿಯನ್ನು ವಿಧಿಸಿತು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು 2006ರಲ್ಲಿ, ಇಬ್ಬರು ನಡೆಸುವ ವಿಮಾನಗಳಿಗೆ, ಅದನ್ನು 65ಕ್ಕೆ ಏರಿಸಿತು. ಮರುವರ್ಷ ಅಮೆರಿಕವೂ ಅನುಸರಿಸಿತು. ಅರುವತ್ತು ಕಳೆದವರಿಗೆ ಆರು ತಿಂಗಳಿಗೊಮ್ಮೆ ವೈದ್ಯಪರೀಕ್ಷೆ ಉಂಟು. ಆದುದರಿಂದ ದೇಹದ ಗಣನೆ ಇಲ್ಲವೆನ್ನಲಾಗದು. ಆದರೂ ನಮ್ಮಲ್ಲಿ ಶಾಸನವು 65ರವರೆಗೆ ಅನುಮತಿಯಿತ್ತಿದ್ದಾಗಲೂ ಏರ್ ಇಂಡಿಯಾದಲ್ಲಿ ನಿವೃತ್ತಿ 58ಕ್ಕೇ. ಆ ಸಂಸ್ಥೆಯು 2022ರಲ್ಲಿ ಟಾಟಾ ಸಮೂಹದ ಕೈಸೇರಿದ ಮೇಲೆ ನಿವೃತ್ತರನ್ನು ಕರಾರಿನ ಮೇಲೆ ಪುನಃ ಕರೆಯಲಾಯಿತು. 2023ರಲ್ಲಿ 470 ವಿಮಾನಗಳ ಖರೀದಿ ಪ್ರಕಟವಾಯಿತು. 2025ರಲ್ಲಿ ವೈಮಾನಿಕರ ವಯೋಮಿತಿ 65ಕ್ಕೆ ಏರಿತು. ಐವತ್ತೆಂಟರವನು ಇದರಿಂದ ತರುಣನಾಗಲಿಲ್ಲ. ವಿಮಾನಗಳು ಹೆಚ್ಚಿದುವು, ಅಷ್ಟೆ.

ಹಿರಿಯನು ಏಳು ವರ್ಷ ಹೆಚ್ಚು ನಿಂತರೆ ಸಹವೈಮಾನಿಕನ ಬಡ್ತಿ ತಡವಾಗಬಹುದು. ಅವನು ಬೇಗ ಹೊರಟರೆ ಅನುಭವವು ನಷ್ಟವಾಗುವುದು. ಆದುದರಿಂದ ನಿಯುಕ್ತಿಯ ಲೆಕ್ಕವನ್ನು ಬರೆಯತಕ್ಕವರು ನಿವೃತ್ತಿಯ ಲೆಕ್ಕವನ್ನೂ ಅದೇ ಪುಟದಲ್ಲಿ ಬರೆಯುವುದು ಯುಕ್ತವು.