ಮುಂದಿನ ಧ್ವನಿಸುರುಳಿಯಲ್ಲಿ ಯಾವ ಕವಿ?

ಮಿಯಾಪುರದ ನಮ್ಮ ತಿಂಗಳ ಓದುಗೋಷ್ಠಿ ಮುಗಿದ ಮೇಲೆ ಚಹಾ ಕುಡಿಯುವ ಅರ್ಧ ಗಂಟೆ ಹಲವು ಸಲ ಗೋಷ್ಠಿಗಿಂತ ಬಿಸಿಯಾಗಿರುತ್ತದೆ. ಈಚೆಗೆ ಅಂಥದೊಂದು ಹೊತ್ತಿನಲ್ಲಿ ಇಬ್ಬರು ತರುಣರ ನಡುವೆ ವಾದ ಹತ್ತಿಕೊಂಡಿತು. ರಘು ದೀಕ್ಷಿತರು ಮುಂದೆ ತರಬಹುದಾದ ಹಾಡುಗಳಲ್ಲಿ ಕನ್ನಡ ಎಷ್ಟು, ಹಿಂದಿ ಎಷ್ಟು, ಶಿಶುನಾಳ ಷರೀಫರನ್ನು ಅವರು ಮತ್ತೆ ಮುಟ್ಟುವರೇ, ಇಲ್ಲವೇ ಎಂಬುದು ವಿಷಯ. ಒಬ್ಬನು 2008ರ ಅವರ ಮೊದಲ ಆಲ್ಬಮ್ಮನ್ನು ಸಾಕ್ಷಿಗೆ ಕರೆದ. ಇನ್ನೊಬ್ಬನು 2013ರ ‘ಜಗ್ ಚಂಗಾ’ವನ್ನು ಮುಂದಿಟ್ಟ. ಎರಡರಲ್ಲೂ ಷರೀಫರ ಹಾಡುಗಳಿವೆ ಎಂಬಲ್ಲಿಗೆ ಇಬ್ಬರೂ ಒಪ್ಪಿದರು. ಮುಂದೇನು ಎಂಬಲ್ಲಿ ಒಪ್ಪಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು, “ಇನ್ನೂ ಹುಟ್ಟದ ಕೂಸಿಗೆ ಕುಲಾವಿ ಹೊಲೀತೀರಲ್ಲ” ಎಂದು ನಕ್ಕರು. ನಾನು ನಗಲಿಲ್ಲ. ನಾಲ್ಕು ದಶಕಗಳ ಹಿಂದೆ, ಇಲ್ಲಿಂದ ಕೆಲವೇ ಮೈಲಿ ದೂರದ ರಾಮಚಂದ್ರಾಪುರದ ಒಂದು ಕ್ವಾರ್ಟರ್ಸಿನ ಜಗಲಿಯಲ್ಲಿ, ಇದೇ ವಾದವನ್ನು ಬೇರೆ ಹೆಸರುಗಳಲ್ಲಿ ಕೇಳಿದ್ದೆ.

ಅಭಿಮಾನಿಗಳ ಊಹೆಗೂ ಒಂದು ಚರಿತ್ರೆ ಇದೆ. ಅದು ಹಾಡು ಕೂತು ಬರುವ ಪಾತ್ರೆಯ ಆಕಾರವನ್ನು ಅವಲಂಬಿಸಿದ್ದು. ಪಾಂಡೇಶ್ವರ ಕಾಳಿಂಗರಾಯರ ಕಾಲದ ಗ್ರಾಮಫೋನ್ ತಟ್ಟೆಯಲ್ಲಿ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ಆ ಮೂರು ನಿಮಿಷದಲ್ಲಿ ಪಲ್ಲವಿ ಮರಳಿ ಬರಬೇಕು, ವಾದ್ಯಕ್ಕೂ ಜಾಗವಿರಬೇಕು. ಹಾಗಾಗಿ ಉದ್ದದ ಕವಿತೆ ಕೆಲವು ನುಡಿಗಳನ್ನು ಬಿಟ್ಟುಕೊಟ್ಟೇ ಒಳಗೆ ಬರಬೇಕಾಗಿತ್ತು. 1914ರಲ್ಲಿ ಹುಟ್ಟಿ 1981ರಲ್ಲಿ ತೀರಿಕೊಂಡ ಕಾಳಿಂಗರಾಯರು ಸೋಹನ್‌ಕುಮಾರಿ, ಮೋಹನ್‌ಕುಮಾರಿಯವರೊಡನೆ ಊರೂರು ಸುತ್ತಿ ಹಾಡಿದರು. ನವೋದಯದ ಕವಿತೆಯನ್ನೂ ಜನಪದ ಗೀತೆಯನ್ನೂ ಒಂದೇ ವೇದಿಕೆಯಲ್ಲಿ, ಒಂದೇ ಕಂಠದಲ್ಲಿ ಕೂಡಿಸಿದ ಧೈರ್ಯ ಅವರದು. ಅಂದಿನ ಕೇಳುಗನ ಕುತೂಹಲ ಬಿಡಿ ಹಾಡಿನದು: ಇಂದು ಅದನ್ನು ಹಾಡುವರೇ, ತಟ್ಟೆಯ ಇನ್ನೊಂದು ಮಗ್ಗುಲಲ್ಲಿ ಏನಿದೆ? ಗಾಯಕನ ‘ಮುಂದಿನ ದಾರಿ’ ಎಂಬ ಮಾತಿಗೆ ಆ ಕಾಲದಲ್ಲಿ ಅರ್ಥವೇ ಇರಲಿಲ್ಲವೆಂದು ನನ್ನ ಅನಿಸಿಕೆ. ಮೂರು ಮೂರು ನಿಮಿಷದ ತುಣುಕುಗಳಿಂದ ದಾರಿಯನ್ನು ಊಹಿಸುವುದು ಕಷ್ಟ.

ದಾರಿ ಕಾಣಿಸಿದ್ದು ಧ್ವನಿಸುರುಳಿಯಿಂದ. ಕೆ. ಎಸ್. ನಿಸಾರ್ ಅಹಮದರ ‘ನಿತ್ಯೋತ್ಸವ’ ಸಂಕಲನ ಬಂದದ್ದು 1976ರಲ್ಲಿ. ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ ಅದೇ ಹೆಸರಿನ ಧ್ವನಿಸುರುಳಿ ಬಂದದ್ದು 1978ರಲ್ಲಿ. ಕನ್ನಡ ಭಾವಗೀತೆಯ ಧ್ವನಿಸುರುಳಿಗಳ ಪರಂಪರೆ ಅಲ್ಲಿಂದ ಶುರುವಾಯಿತೆಂದು ಎಣಿಸುವುದು ವಾಡಿಕೆ. ಒಂದು ಮಗ್ಗುಲಿಗೆ ಅರ್ಧ ಗಂಟೆ ಸಿಕ್ಕಿದ ಕೂಡಲೇ ಲೆಕ್ಕ ಬದಲಾಯಿತು. ಒಬ್ಬ ಕವಿಯ ಎಂಟು ಹತ್ತು ಕವಿತೆಗಳು ಒಂದೇ ಡಬ್ಬಿಯಲ್ಲಿ, ಒಬ್ಬ ಸಂಯೋಜಕನ ಕೈಯಲ್ಲಿ ಹಾದು, ಒಂದು ಸಣ್ಣ ಸಂಕಲನದಂತೆ ಮನೆಗೆ ಬರತೊಡಗಿದವು. ಹೊದಿಕೆಯ ಮೇಲೆ ಗಾಯಕನ ಹೆಸರಿನಷ್ಟೇ ದೊಡ್ಡದಾಗಿ ಕವಿಯ ಹೆಸರು. ಬೇರೆ ಎಷ್ಟು ಭಾಷೆಗಳಲ್ಲಿ ಜನಸಾಮಾನ್ಯರು ಅಂಗಡಿಗೆ ಹೋಗಿ ‘ಇಂಥ ಕವಿಯ ಕ್ಯಾಸೆಟ್ ಕೊಡಿ’ ಎಂದು ಕೇಳಿದ್ದಾರೋ! ಕೇಳುಗನ ಊಹೆಯೂ ಆಗಲೇ ರೂಪ ಬದಲಿಸಿತು. ಯಾವ ಹಾಡು ಎಂಬ ಪ್ರಶ್ನೆ ಹೋಗಿ ಯಾವ ಕವಿ ಎಂಬ ಪ್ರಶ್ನೆ ಬಂತು.

ಈ ಬದಲಾವಣೆ ಹೈದರಾಬಾದಿನ ಕನ್ನಡಿಗರಿಗೆ ಬೇರೆಯವರಿಗಿಂತ ಹೆಚ್ಚು ಬೇಕಾಗಿತ್ತು. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರ ತನಕ ಹೈದರಾಬಾದ್ ರಾಜ್ಯದವು. ಓದಿಗೆ, ನೌಕರಿಗೆ, ವ್ಯಾಪಾರಕ್ಕೆ ಆ ಜಿಲ್ಲೆಗಳವರು ಬಂದು ನೆಲೆಸಿದ್ದ ರಾಜಧಾನಿ ಇದು. ಆ ದಿನ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು, ನಗರ ಆಂಧ್ರಪ್ರದೇಶಕ್ಕೆ ಉಳಿಯಿತು. ಮನೆ ಬಿಟ್ಟು ಒಂದು ಹೆಜ್ಜೆ ಇಡದ ಸಾವಿರಾರು ಕನ್ನಡಿಗರು ಬೆಳಗಾಗುವಷ್ಟರಲ್ಲಿ ಹೊರನಾಡಿನವರಾದರು. ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರದಂಥ ಕೆಲವು ತಾಣಗಳು ಪುಸ್ತಕವನ್ನೂ ಭಾಷಣವನ್ನೂ ಉಳಿಸಿಕೊಟ್ಟವು. ಆದರೆ ನಗರದ ಪಶ್ಚಿಮದ ಅಂಚಿನಲ್ಲಿ, ಕಾರ್ಖಾನೆಗಳ ಸುತ್ತ ಮನೆ ಮಾಡಿದವರಿಗೆ ಕಾಚಿಗೂಡ ದೂರ. ನಮಗೆ ಹತ್ತಿರವಿದ್ದದ್ದು ಮುಂಬಯಿ ಹೆದ್ದಾರಿ. ಬೀದರ, ಹುಮನಾಬಾದಿನ ಬಸ್ಸುಗಳು ಜಹೀರಾಬಾದ್, ಸಂಗಾರೆಡ್ಡಿ, ಪಟಾನ್‌ಚೆರು ದಾಟಿ ಮಿಯಾಪುರದ ಮೇಲೆಯೇ ನಗರದೊಳಕ್ಕೆ ಹೋಗುತ್ತಿದ್ದವು. ಇಂದು ಮೆಟ್ರೊ ರೈಲು ಮೊದಲಾಗುವ ಈ ಜಾಗದಲ್ಲಿ ಅಂದು ರಸ್ತೆಬದಿಯ ಕೆಲವು ಅಂಗಡಿಗಳು, ಬಯಲು. ಆ ಬಸ್ಸುಗಳಲ್ಲಿ ಜೋಳದ ಹಿಟ್ಟು, ಶೇಂಗಾದ ಹಿಂಡಿ, ಹಳೆಯ ‘ಸುಧಾ’ ಸಂಚಿಕೆಗಳ ಜೊತೆಗೆ ಧ್ವನಿಸುರುಳಿಗಳೂ ಬರುತ್ತಿದ್ದವು. ಒಂದನ್ನು ತಂದರೆ ಆರು ಮನೆ ತಿರುಗುತ್ತಿತ್ತು. ಟೇಪು ಯಂತ್ರದಲ್ಲಿ ಸಿಕ್ಕಿ ಸುಕ್ಕಾದರೆ ಪೆನ್ಸಿಲು ತೂರಿಸಿ ಸುತ್ತುವುದು ಮಕ್ಕಳಾದ ನಮ್ಮ ಕೆಲಸ.

ಹೊಸದು ಬರುವ ಮುಂಚೆ ದೊಡ್ಡವರ ಜಗಲಿಯಲ್ಲಿ ಎರಡು ಪಕ್ಷ. ಒಂದು ಅನಂತಸ್ವಾಮಿಯವರದು, ಇನ್ನೊಂದು ಸಿ. ಅಶ್ವತ್ಥರದು. ಮೊದಲ ಪಕ್ಷದವರ ವಾದ: ಕವಿತೆ ದೊಡ್ಡದು, ರಾಗ ಅದರ ಹಿಂದೆ ಕೈಕಟ್ಟಿ ನಿಲ್ಲಬೇಕು, ಕೇಳಿದವನು ಮನೆಗೆ ಹೋಗುವಾಗ ತಾನೂ ಗುನುಗುವಂತಿರಬೇಕು. ಎರಡನೆಯವರದು: ಕವಿತೆಯೊಳಗೆ ಒಂದು ನಾಟಕವಿದೆ, ಅದನ್ನು ಹೊರಗೆಳೆಯದ ಗಾಯಕ ಓದುಗನಷ್ಟೇ ಆಗಿ ಉಳಿಯುತ್ತಾನೆ. ಅಶ್ವತ್ಥರು ಒಂದು ಶಬ್ದವನ್ನು ಹಿಡಿದು ಅಲುಗಾಡಿಸಿ, ಪಿಸುಗುಟ್ಟಿ, ಕೂಗಿ ಅದರಿಂದ ಅರ್ಥ ಹಿಂಡುತ್ತಿದ್ದ ರೀತಿ ಕೆಲವರಿಗೆ ಮೋಡಿ, ಕೆಲವರಿಗೆ ಅತಿ. ಬೆಂಗಳೂರಿನ ದೂರವಾಣಿ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ರಂಗಭೂಮಿಗೂ ಸಿನಿಮಾಕ್ಕೂ ಸಂಗೀತ ಕೊಟ್ಟವರು ಅವರು. ಆ ರಂಗದ ಮೈಯೇ ಹಾಡಿನಲ್ಲೂ ಕಾಣುತ್ತಿತ್ತು ಎಂದು ನನಗೆ ಈಗ ತೋರುತ್ತದೆ. ಊಹೆಗಳು ಈ ಪಕ್ಷಗಳಿಂದಲೇ ಹುಟ್ಟುತ್ತಿದ್ದವು. ಅನಂತಸ್ವಾಮಿ ಇನ್ನು ಯಾರನ್ನು ಎತ್ತಿಕೊಳ್ಳುತ್ತಾರೆ? ಹೆಣ್ಣುದನಿ ರತ್ನಮಾಲಾ ಪ್ರಕಾಶರದೋ, ಬಿ. ಕೆ. ಸುಮಿತ್ರಾ ಅವರದೋ? ಅಶ್ವತ್ಥರು ತಾವೇ ಹಾಡುವರೋ, ಶಿವಮೊಗ್ಗ ಸುಬ್ಬಣ್ಣನವರಿಗೆ ಬಿಡುವರೋ? ‘ಕಾಡು ಕುದುರೆ’ ಚಿತ್ರದ ಹಾಡಿಗೆ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂದ ಮೇಲೆ ಈ ಕೊನೆಯ ಪ್ರಶ್ನೆಗೆ ತೂಕ ಹೆಚ್ಚಿತ್ತು.

ಊಹೆ ಹುಸಿಯಾಗುವುದನ್ನು ನಾನು ಮೊದಲು ಕಂಡದ್ದು ಷರೀಫರ ವಿಷಯದಲ್ಲಿ. ಅಶ್ವತ್ಥರು ಷರೀಫರ ತತ್ವಪದಗಳನ್ನು ಹಾಡಿದ ಸುರುಳಿ ಮನೆಗೆ ಬಂದಾಗ ಹುಮನಾಬಾದಿನಿಂದ ಸೋದರಮಾವ ಬಂದಿದ್ದರು. ನಮ್ಮ ಕಡೆಯಲ್ಲಿ ತತ್ವಪದವೆಂದರೆ ರಾತ್ರಿಯ ಭಜನೆ: ಏಕತಾರಿ, ದಮ್ಮಡಿ, ತಾಳ, ಮುಂದೆ ಒಬ್ಬ, ಹಿಂದೆ ಹತ್ತು ಜನ. ಮಾವ ಕಣ್ಣು ಮುಚ್ಚಿ ಒಂದು ಮಗ್ಗುಲು ಪೂರ್ತಿ ಕೇಳಿದರು. ಆಮೇಲೆ, “ಹಾಡ್ತಾನ ಖರೆ. ಛಲೋ ಹಾಡ್ತಾನ. ಆದ್ರ ಹಿಂದ ನಿಂತು ಹಾಡೋ ಮಂದಿ ಎಲ್ಲಿ ಹೋದ್ರೊ?” ಎಂದರು. ಅಪ್ಪ ಉತ್ತರ ಕೊಡಲಿಲ್ಲ. ಮಾವನ ಮಾತು ಬರಿಯ ಹಳಬರ ಗೊಣಗಾಟವಲ್ಲವೆಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು. ಭಜನೆಯಲ್ಲಿ ಪದ ಎಲ್ಲರದು. ಸುರುಳಿಯಲ್ಲಿ ಅದು ಒಬ್ಬನ ಒಳಗುದಿಯಾಯಿತು. ಆದರೆ ಇನ್ನೊಂದು ಮಾತೂ ನಿಜ. ಟಿ. ಎಸ್. ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಚಿತ್ರ 1990ರಲ್ಲಿ ಬಂದ ಮೇಲೆ, ಭಜನೆಯ ಮನೆಗಳೇ ಇಲ್ಲದ ಹಳೆಮೈಸೂರಿನ ಊರುಗಳಲ್ಲೂ ಅಶ್ವತ್ಥರ ಕಂಠದ ಮೂಲಕ ಷರೀಫರು ಮನೆಮಾತಾದರು. 19ನೆಯ ಶತಮಾನದ ಒಬ್ಬ ಅನುಭಾವಿಯನ್ನು ಹೀಗೆ ಮರಳಿ ತಂದದ್ದು ವಿಶ್ವವಿದ್ಯಾಲಯವಲ್ಲ, ಒಬ್ಬ ಗಾಯಕನ ಆಯ್ಕೆ.

ಇನ್ನು ಅಶ್ವತ್ಥರು ತತ್ವಪದದಲ್ಲೇ ನಿಲ್ಲುತ್ತಾರೆಂದು ನಮ್ಮ ಜಗಲಿ ತೀರ್ಮಾನಿಸಿತು. 1992ರಲ್ಲಿ ಅವರ ಸಂಗೀತದ ‘ಮೈಸೂರು ಮಲ್ಲಿಗೆ’ ಚಿತ್ರ ಬಂತು: ಕೆ. ಎಸ್. ನರಸಿಂಹಸ್ವಾಮಿಯವರ ದಾಂಪತ್ಯಗೀತೆ, ಮೆಲುದನಿ. ಮರುವರ್ಷ ‘ಚಿನ್ನಾರಿ ಮುತ್ತ’: ಎಚ್. ಎಸ್. ವೆಂಕಟೇಶಮೂರ್ತಿಯವರ ಮಕ್ಕಳ ಹಾಡು. ಜಗಲಿಯ ತೀರ್ಮಾನಗಳ ಗತಿ ಇಷ್ಟೇ.

ಇದಕ್ಕಿಂತ ದೊಡ್ಡ ಹುಸಿಯೊಂದು ಹಿಂದೂಸ್ತಾನಿ ಸಂಗೀತದಲ್ಲಿ ನಡೆದಿತ್ತು, ಅದೂ ಹೊರನಾಡಿನ ಕನ್ನಡಿಗನೊಬ್ಬನಿಂದ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ, ಎಂದರೆ ಕುಮಾರ ಗಂಧರ್ವರು, ಬಾಲಪ್ರತಿಭೆಯಾಗಿ ಹೆಸರಾದವರು. ಕ್ಷಯ ತಗುಲಿ ಮಧ್ಯಪ್ರದೇಶದ ದೇವಾಸಕ್ಕೆ ಹೋಗಿ, ವರ್ಷಗಟ್ಟಲೆ ಹಾಡದೆ ಮಲಗಿದರು. ಮತ್ತೆ ಹಾಡುವರೇ, ಹಾಡಿದರೆ ಹಳೆಯ ಕುಮಾರರೇ ಸಿಗುವರೇ ಎಂದು ಕೇಳುಗರು ಕಾದರು. 1950ರ ದಶಕದ ಮೊದಲ ಭಾಗದಲ್ಲಿ ಅವರು ಮರಳಿದಾಗ ಶ್ವಾಸ ಮೊಟಕಾಗಿತ್ತು, ಹಾಡಿನ ರೀತಿಯೇ ಬೇರೆಯಾಗಿತ್ತು. ಹಾಸಿಗೆಯಲ್ಲಿ ಮಲಗಿ ಕೇಳಿದ ಮಾಳವದ ಜನಪದ ಧಾಟಿಗಳು ಅವರ ರಾಗಗಳೊಳಗೆ ಇಳಿದಿದ್ದವು. ಮುಂದೆ ನಿರ್ಗುಣ ಭಜನೆಗಳೂ ಬಂದವು. ಯಾವ ಅಭಿಮಾನಿಯೂ ಅದನ್ನು ಊಹಿಸಿರಲಾರ. ಊಹೆ ನಡೆಯುವುದು ಗಾಯಕನ ಹಿಂದಿನ ಹಾಡಿನ ಬಲದ ಮೇಲೆ. ಅವನ ಕಾಯಿಲೆ, ಅವನ ಕಿಟಕಿಯ ಹೊರಗಿನ ದನಿ ಇವು ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಅನಂತಸ್ವಾಮಿಯವರು 1995ರ ಜನವರಿಯಲ್ಲಿ ತೀರಿಕೊಂಡರು. ಅಶ್ವತ್ಥರು 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ಎಂಬ ಬೃಹತ್ ಕಾರ್ಯಕ್ರಮ ನಡೆಸಿ, 2009ರ ಡಿಸೆಂಬರ್ 29ರಂದು, ತಮಗೆ 70 ತುಂಬಿದ ದಿನವೇ ಹೋದರು. ಷರೀಫರೂ ಹುಟ್ಟಿದ ದಿನವೇ, 70 ತುಂಬಿದಂದೇ ತೀರಿಕೊಂಡರೆಂಬ ಹೇಳಿಕೆಯಿದೆ. ಇಬ್ಬರೂ ಗಾಯಕರು ಹೋದ ಮೇಲೆ ಎರಡು ಪಕ್ಷಗಳಿಗೆ ಊಹಿಸಲು ಏನೂ ಉಳಿಯಲಿಲ್ಲ, ವಾದ ಮಾತ್ರ ಉಳಿಯಿತು. ಅದು ಸರ್ಕಾರದ ಮೇಜಿಗೂ ಹೋಯಿತು. ಕುವೆಂಪು ಅವರ ಕವಿತೆ 2004ರಲ್ಲಿ ನಾಡಗೀತೆಯಾಯಿತಷ್ಟೆ. ಅದನ್ನು ಯಾರ ಧಾಟಿಯಲ್ಲಿ ಹಾಡಬೇಕು ಎಂಬುದು ವರ್ಷಗಟ್ಟಲೆ ಬಗೆಹರಿಯಲಿಲ್ಲ. ಕೊನೆಗೆ ಎಚ್. ಆರ್. ಲೀಲಾವತಿಯವರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನ ಮೇಲೆ 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು ಗೊತ್ತುಮಾಡಿ, ಆಲಾಪವಿಲ್ಲದೆ, ಮರುಕಳಿಕೆಯಿಲ್ಲದೆ 2 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕೆಂದು ಆದೇಶಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು 2024ರಲ್ಲಿ ಹೈಕೋರ್ಟು ತಳ್ಳಿಹಾಕಿತು. ಎರಡೂವರೆ ನಿಮಿಷ! ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೂ ಕಡಿಮೆ. ಅಶ್ವತ್ಥರ ಪಕ್ಷದವನಾದ ನನ್ನ ಅಪ್ಪ ಬದುಕಿದ್ದಿದ್ದರೆ ಏನೆನ್ನುತ್ತಿದ್ದರೋ. ನನಗಂತೂ ನಾಡಗೀತೆಗೆ ಆ ಸರಳ ಧಾಟಿಯೇ ಸರಿಯೆನಿಸುತ್ತದೆ. ಅದು ಗಾಯಕನಿಗಲ್ಲ, ಶಾಲೆಯ ಅಂಗಳದಲ್ಲಿ ನಿಂತ ಇನ್ನೂರು ಮಕ್ಕಳಿಗೆ. ಮಾವ ಹುಡುಕುತ್ತಿದ್ದ ‘ಹಿಂದ ನಿಂತು ಹಾಡೋ ಮಂದಿ’ ಅವರೇ.

ತರುಣರ ವಾದವನ್ನು ನಾನು ಕುಲಾವಿಯ ಮಾತಾಗಿ ಕಾಣದಿರುವುದಕ್ಕೆ ಕಾರಣ ನಮ್ಮ ಮನೆಗಳಲ್ಲಿದೆ. ಬೆಂಗಳೂರಿನ ಮಗುವಿಗೆ ಬೇಂದ್ರೆ, ನರಸಿಂಹಸ್ವಾಮಿ ಪಠ್ಯದಲ್ಲಾದರೂ ಒಮ್ಮೆ ಸಿಗುತ್ತಾರೆ. ಮಿಯಾಪುರದ ಮಗು ಶಾಲೆಯಲ್ಲಿ ತೆಲುಗು, ಹಿಂದಿ ಓದುತ್ತದೆ. ಕನ್ನಡ ಅದರ ಕಿವಿಯಲ್ಲಿದೆ, ಕಣ್ಣಿನಲ್ಲಿ ಇಲ್ಲ. ಆ ಮಗುವಿಗೆ ಗೊತ್ತಿರುವ ಕವಿಗಳೆಂದರೆ ಯಾರಾದರೂ ಹಾಡಿದ ಕವಿಗಳು ಮಾತ್ರ. ಗೋಪಾಲಕೃಷ್ಣ ಅಡಿಗರ ದೀರ್ಘ ಕವಿತೆಗಳು ನಮ್ಮ ಮಕ್ಕಳಿಗೆ ಇಲ್ಲವೇ ಇಲ್ಲ, ಷರೀಫರು ಇದ್ದಾರೆ. ಒಬ್ಬ ಗಾಯಕ ಮುಂದೆ ಯಾರನ್ನು ಎತ್ತಿಕೊಳ್ಳುತ್ತಾನೆ ಎಂಬುದು ಇಲ್ಲಿ, ಎರಡನೆಯ ತಲೆಮಾರಿನಲ್ಲಿ, ಯಾವ ಕವಿ ಉಳಿಯುತ್ತಾನೆ ಎಂಬುದೂ ಹೌದು. ಈಗ ಒಂದೊಂದೇ ಹಾಡು ಬಿಡಿಯಾಗಿ ಫೋನಿಗೆ ಬರುವ ಕಾಲ. ನಾವು ಮತ್ತೆ ಕಾಳಿಂಗರಾಯರ ಮೂರು ನಿಮಿಷಕ್ಕೆ ಮರಳಿದ್ದೇವೆ, ಆದರೆ ಈ ಸಲ ಕವಿಯ ಹೆಸರು ಪರದೆಯ ಮೇಲೆ ಬಹಳ ಸಣ್ಣದಾಗಿರುತ್ತದೆ, ಕೆಲವು ಸಲ ಇರುವುದೇ ಇಲ್ಲ.

ಆ ದಿನ ವಾದ ಮುಗಿಯದೆ ಉಳಿದಾಗ ತರುಣರಲ್ಲೊಬ್ಬನು ಅಲ್ಲೇ ಕುಳಿತು ಬರೆಯುತ್ತಿದ್ದ ತನ್ನ ಅಣ್ಣನ ಮಗಳನ್ನು ಕರೆದ. ಹತ್ತು ವರ್ಷದ ಹುಡುಗಿ. ರಾಜ್ಯೋತ್ಸವಕ್ಕೆ ಹಾಡಲಿರುವ ಹಾಡನ್ನು ನೋಟ್‌ಬುಕ್ಕಿನಲ್ಲಿ ತೆಲುಗು ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದಳು. ‘ಕ’ಕ್ಕೆ, ‘ತ’ಕ್ಕೆ ತಲೆಕಟ್ಟು ಬೇರೆ, ಸಾಲು ಮಾತ್ರ ಅಚ್ಚ ಕನ್ನಡ. “ಇನ್ನೊಂದು ಹೊಸ ಆಲ್ಬಮ್ ಬಂದ್ರ ಅದ್ರಾಗ ಯಾರ ಹಾಡು ಇರಬೇಕು ಪುಟ್ಟಿ?” ಎಂದು ಅವನು ಕೇಳಿದ. ಅವಳು ತಲೆ ಎತ್ತದೆ, “ಆ ಕೋಳಿ, ಕೋತಿ ಹಾಡಿನ ಅಜ್ಜಂದು, ಕಾಕಾ” ಎಂದಳು. “ಅವರ ಹೆಸರು ಏನು?” ಎಂದದ್ದಕ್ಕೆ ಸ್ವಲ್ಪ ಯೋಚಿಸಿ, ಪುಟದ ಅಂಚಿನಲ್ಲಿ ತೆಲುಗಿನಲ್ಲಿ ನಾಲ್ಕು ಅಕ್ಷರ ಬರೆದು ನನ್ನ ಕಡೆ ತಿರುಗಿಸಿದಳು. ‘ಷರೀಫ’ ಎಂದು ಬರೆದು, ಕೊನೆಗೊಂದು ‘ರು’ ಸೇರಿಸಿದ್ದಳು.