ಬಾಗಿಲ ಪಕ್ಕದ ಸ್ವಿಚ್ಚು: ವೈರಿನ ಲೆಕ್ಕದಿಂದ ಕೈಯ ಲೆಕ್ಕದವರೆಗೆ

ಮನೆ ಕಟ್ಟುವಾಗ ಬಾಗಿಲು ಯಾವ ದಿಕ್ಕಿಗಿರಬೇಕು ಎಂದು ತಿಂಗಳುಗಟ್ಟಲೆ ಯೋಚಿಸುತ್ತೇವೆ. ಅದೇ ಬಾಗಿಲ ಪಕ್ಕದ ಸ್ವಿಚ್ಚಿನ ಜಾಗವನ್ನು ಅರ್ಧ ಗಂಟೆಯಲ್ಲಿ ವೈರಿಂಗ್‌ನವನಿಗೆ ಬಿಟ್ಟುಕೊಡುತ್ತೇವೆ. ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಮನೆಗಳನ್ನು ಕಟ್ಟಿದ ಕಾಲದ ಕ್ರಮದಲ್ಲಿ ನೋಡುತ್ತ ಬಂದರೆ, ಸ್ವಿಚ್ಚಿನ ಜಾಗವನ್ನು ಮೊದಲು ವೈರಿನ ಬೆಲೆ ತೀರ್ಮಾನಿಸಿತು, ಆಮೇಲೆ ಗೋಡೆ ತೀರ್ಮಾನಿಸಿತು. ಬಳಸುವವರ ಕೈಗೆ ಆ ಅಧಿಕಾರ ಸಿಕ್ಕಿದ್ದು ತೀರಾ ಈಚೆಗೆ, ಅದೂ ಅರೆಬರೆ.

ಕಾವೇರಿ ಪಕ್ಕದಲ್ಲಿ, ಕರೆಂಟು ದೂರದಲ್ಲಿ

ಕರೆಂಟು ಬರುವ ಮೊದಲು ಈ ಪ್ರಶ್ನೆಯೇ ಇರಲಿಲ್ಲ. ಬುಡ್ಡಿಯೋ ಲಾಟೀನೋ ಮನುಷ್ಯನ ಜೊತೆಗೇ ನಡೆಯುತ್ತಿತ್ತು. ಇಡಲು ಗೋಡೆಯಲ್ಲಿ ಗೂಡಿರುತ್ತಿತ್ತು. ವಿದ್ಯುತ್ತು ದೀಪವನ್ನು ಸೂರಿಗೆ ಕಟ್ಟಿತು. ದೀಪ ಅಲ್ಲಿ, ಕೈ ಇಲ್ಲಿ ಎಂದಾದಾಗ ನಡುವೆ ಸ್ವಿಚ್ಚು ಬಂತು.

1884ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಜಾನ್ ಹೆನ್ರಿ ಹೋಮ್ಸ್ ರೂಪಿಸಿದ ಸ್ವಿಚ್ಚು ಮನೆಬಳಕೆಗೆ ದಾರಿ ಮಾಡಿತು. ಅದಕ್ಕೆ ಮೊದಲಿನವುಗಳಲ್ಲಿ ಸಂಪರ್ಕ ನಿಧಾನವಾಗಿ ಬಿಡುತ್ತಿದ್ದರಿಂದ ಕಿಡಿ ಹಾರಿ ಲೋಹ ಸುಡುತ್ತಿತ್ತು. ಹೋಮ್ಸ್ ಒಳಗೊಂದು ಸ್ಪ್ರಿಂಗ್ ಇಟ್ಟು, ಕೈ ಎಷ್ಟೇ ಮೆಲ್ಲಗೆ ಒತ್ತಿದರೂ ಸಂಪರ್ಕ ಫಟ್ಟನೆ ಕಡಿಯುವಂತೆ ಮಾಡಿದರು. ಇವತ್ತಿನ ಸ್ವಿಚ್ಚಿನ 'ಟಕ್' ಸದ್ದಿನ ಮೂಲ ಅಲ್ಲಿದೆ.

ನಮ್ಮಲ್ಲಿ 1902ರಲ್ಲಿ ಕಾವೇರಿಯ ಶಿವನಸಮುದ್ರ ಜಲಪಾತದಲ್ಲಿ ವಿದ್ಯುತ್ ಉತ್ಪಾದನೆ ಶುರುವಾದಾಗ ಅದು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ. 1905ರಲ್ಲಿ ಬೆಂಗಳೂರಿನ ಬೀದಿಗಳು, 1908ರಲ್ಲಿ ಮೈಸೂರು ಬೆಳಗಿದವು. ಜಲಪಾತದ ಮಗ್ಗುಲಲ್ಲೇ ಇದ್ದ ಕೊಳ್ಳೇಗಾಲ ಆಗ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳು 1997ರವರೆಗೂ ಮೈಸೂರು ಜಿಲ್ಲೆಯವು. ಸುತ್ತಲ ಹಳ್ಳಿಗಳಿಗೆ ಕಂಬ ನೆಡುವ ಕೆಲಸ ಚುರುಕಾದದ್ದು 1957ರಲ್ಲಿ ರಾಜ್ಯದ ವಿದ್ಯುತ್ ಮಂಡಳಿ (ಮುಂದೆ ಕೆಇಬಿ) ಹುಟ್ಟಿದ ಮೇಲೆ.

ವೈರು ಉಳಿಸುವ ಕಾಲ

ಹಾಗೆ ಬಂದ ಕರೆಂಟು ಹೊಕ್ಕಿದ್ದು ಮಣ್ಣುಗೋಡೆಯ, ನಾಡಹೆಂಚಿನ ಮನೆಗಳನ್ನು. ಮಣ್ಣುಗೋಡೆಯಲ್ಲಿ ಮೊಳೆ ನಿಲ್ಲುವುದಿಲ್ಲ, ಹೊಡೆದಷ್ಟೂ ಉದುರುತ್ತದೆ. ಮೊಳೆ ಕಚ್ಚುವುದು ಕಂಬ, ತೊಲೆ, ಬಾಗಿಲುವಾಡದ ಮರದಲ್ಲಿ. ಇಂಥ ಮನೆಯಲ್ಲಿ ಸ್ವಿಚ್ ಬೋರ್ಡು ಬಾಗಿಲ ಹತ್ತಿರ ಬಂದರೆ ಅದು ಅನುಕೂಲ ನೋಡಿ ಬಂದದ್ದಲ್ಲ, ಮರ ಇರುವ ಕಡೆ ಬಂದದ್ದು. ತೇಗದ ಪಟ್ಟಿಯ ಮೇಲೆ ಕ್ಲಿಪ್ಪಿನಲ್ಲಿ ಬಿಗಿದ ವೈರು ಸೂರಿನಿಂದಿಳಿದು ದುಂಡನೆಯ ಮರದ ಬ್ಲಾಕಿಗೆ ಬರುತ್ತಿತ್ತು. ಅದರ ಮೇಲೆ ಕಪ್ಪು ಬೇಕಲೈಟ್ ಸ್ವಿಚ್ಚು.

ಉಳಿದದ್ದೆಲ್ಲ ವೈರಿನ ಲೆಕ್ಕ. ನಾಲ್ಕು ಕೋಣೆಗೆ ನಾಲ್ಕು ಬೋರ್ಡು ಎಂದರೆ ಹೆಚ್ಚು ವೈರು. ಅದರ ಬದಲು ಮೀಟರಿನ ಪಕ್ಕದಲ್ಲೇ ಎಲ್ಲ ಸ್ವಿಚ್ಚುಗಳನ್ನು ಸಾಲಾಗಿ ಕೂರಿಸಿಬಿಟ್ಟರೆ ಕೆಲಸ ಮುಗಿಯಿತು. ಅಡುಗೆಮನೆಯ ದೀಪ ಹಚ್ಚಲು ನಡುಮನೆಗೆ ಬರಬೇಕು, ಅಷ್ಟೇ. ಬಡವರ ಮನೆಗೆ ಬೆಳಕು ಕೊಟ್ಟ ಸರ್ಕಾರದ ಭಾಗ್ಯಜ್ಯೋತಿ ಯೋಜನೆಯಲ್ಲಿ ಸಿಗುತ್ತಿದ್ದುದು ಒಂದೇ ದೀಪ. ನಡುಗೋಡೆಯ ಮೇಲ್ಭಾಗದಲ್ಲಿ ಬಲ್ಬು ನೇತುಹಾಕಿ ಎರಡು ಕಡೆಗೂ ಬೆಳಕು ಹಂಚಿಕೊಂಡವರಿಗೆ ಸ್ವಿಚ್ಚು ಎಲ್ಲಿ ಎಂಬುದು ಎರಡನೆಯ ಮಾತು.

ಎತ್ತರವೂ ಹಾಗೆಯೇ. ಮಕ್ಕಳ ಕೈಗೆ ಸಿಗಬಾರದೆಂದು ಐದಡಿ ಎತ್ತರಕ್ಕೆ ಏರಿಸಿದರು. ಸ್ಟೂಲು ಹತ್ತುವುದನ್ನು ಮಕ್ಕಳು ಬೇಗ ಕಲಿತರು. ಬೆನ್ನು ಬಾಗಿದ ಅಜ್ಜಿಗೆ ಮಾತ್ರ ಆ ಎತ್ತರ ಕೊನೆಯವರೆಗೂ ಎಟುಕಲಿಲ್ಲ. ಮಲಗಿದಲ್ಲಿಂದ ಏಳಲಾರದವರಿಗೆಂದು ಮಂಚದ ತಲೆಗೆ ವೈರಿನಲ್ಲಿ ಜೋತುಬಿದ್ದ ಬೆಡ್ ಸ್ವಿಚ್ಚು ಬಂತು. ಕಾಲಕ್ರಮದಲ್ಲಿ ಅದರ ವೈರು ತಿರುಚಿ, ಕುತ್ತಿಗೆಯಲ್ಲಿ ತಾಮ್ರ ಹೊರಬೀಳುವುದು ಸಾಮಾನ್ಯ ದೃಶ್ಯ.

ಗೋಡೆಯೊಳಗೆ ಹೋದ ಪೈಪು

ಸಿಮೆಂಟು ಮನೆಗಳು ಬಂದ ಮೇಲೆ ಪಟ್ಟಿಯ ಜಾಗಕ್ಕೆ ಪಿವಿಸಿ ಪೈಪು, ಆಮೇಲೆ ಗೋಡೆ ಕೊರೆದು ಹೂಳುವ ಕನ್ಸೀಲ್ಡ್ ವೈರಿಂಗ್. 1963ರಲ್ಲಿ ಮುಂಬಯಿಯಲ್ಲಿ ಶುರುವಾದ ಆಂಕರ್ ಕಂಪನಿಯ ಬಿಳಿ ಪಿಯಾನೋ ಸ್ವಿಚ್ಚು ಊರೂರಿನ ಎಲೆಕ್ಟ್ರಿಕಲ್ ಅಂಗಡಿಗೂ ಬಂತು. 2007ರಲ್ಲಿ ಆ ಕಂಪನಿ ಜಪಾನಿನವರ ಪಾಲಾಯಿತು. ಈಗ ಹೊಸ ಮನೆಗಳಲ್ಲಿ ಮಾಡ್ಯುಲರ್ ಪ್ಲೇಟುಗಳದೇ ಕಾರುಬಾರು.

ಸ್ವಿಚ್ಚಿಗೆ ಇನ್ನು ಮರ ಬೇಕಿರಲಿಲ್ಲ, ಎಲ್ಲಿ ಬೇಕಾದರೂ ಇಡಬಹುದಿತ್ತು. ಆದರೆ ಒಂದು ಹೊಸ ತೊಡಕು ಹುಟ್ಟಿತು: ಹೂತ ಪೈಪನ್ನು ಆಮೇಲೆ ಕದಲಿಸಲಾಗದು. ವೈರಿಂಗ್‌ನವನು ಬರುವುದು ಗಾರೆಗೆ ಮೊದಲು, ಬಡಗಿ ಕದ ಜೋಡಿಸುವುದು ತಿಂಗಳ ನಂತರ. ಕದ ಎಡಕ್ಕೆ ತೆರೆಯುತ್ತದೋ ಬಲಕ್ಕೋ ಎಂದು ಇಬ್ಬರೂ ಮಾತಾಡಿಕೊಂಡಿರುವುದಿಲ್ಲ. ಪರಿಣಾಮ ಎಲ್ಲರ ಮನೆಯಲ್ಲೂ ಒಂದಾದರೂ ಕಡೆ ಇದೆ: ಒಳಗೆ ಹೋಗಿ, ಕದ ಮುಚ್ಚಿ, ಅದರ ಹಿಂದಿನ ಸ್ವಿಚ್ಚು ತಡಕಬೇಕು. ಕೀಲಿರುವ ಕಡೆಯಲ್ಲ, ಚಿಲಕವಿರುವ ಕಡೆಗೆ ಸ್ವಿಚ್ಚು ಇರಬೇಕೆಂಬ ಸರಳ ನಿಯಮ ತಪ್ಪುವುದು ಅಜ್ಞಾನದಿಂದಲ್ಲ, ಕೆಲಸದ ಸರದಿಯಿಂದ.

ಇದೇ ಕಾಲದ ಒಳ್ಳೆಯ ಕೊಡುಗೆ ಟೂ ವೇ ಸ್ವಿಚ್ಚು. ಮಾಮೂಲಿ ಸ್ವಿಚ್ಚಿಗೆ ಎರಡು ತಿರುಪು, ಇದಕ್ಕೆ ಮೂರು. ಎರಡು ಸ್ವಿಚ್ಚುಗಳ ನಡುವೆ ಎರಡು ವೈರು ಓಡಿದರೆ ಮೆಟ್ಟಿಲ ಕೆಳಗೆ ಹಚ್ಚಿ ಮೇಲೆ ಆರಿಸಬಹುದು. ನಮ್ಮಲ್ಲಿ ಸ್ವಿಚ್ಚು ಕೆಳಗೆ ಒತ್ತಿದರೆ ಆನ್, ಅಮೆರಿಕದಲ್ಲಿ ಮೇಲೆ ಎತ್ತಿದರೆ ಆನ್. ಟೂ ವೇಯಲ್ಲಿ ಈ ಎರಡು ಲೆಕ್ಕವೂ ನಡೆಯದು. ತೊಟ್ಟಿಮನೆಯಂಥ, ಎರಡು ಮೂರು ಬಾಗಿಲುಗಳ ನಡುಮನೆಗೆ ಇದು ಹೇಳಿ ಮಾಡಿಸಿದ್ದು. ಆದರೂ ಖರ್ಚೆಂದು ಹೆಚ್ಚಿನವರು ಮೆಟ್ಟಿಲಿಗಷ್ಟೇ ನಿಲ್ಲಿಸುತ್ತಾರೆ.

ಎಲ್‌ಇಡಿ ಬಲ್ಬು ಬಂದ ಮೇಲೆ ಹಳೆಯ ತಪ್ಪೊಂದು ಕಣ್ಣಿಗೆ ಬಿತ್ತು. ನಿಯಮದ ಪ್ರಕಾರ ಸ್ವಿಚ್ಚು ಕೂರಬೇಕಾದದ್ದು ಫೇಸ್ ವೈರಿನಲ್ಲಿ. ಕೆಲವೆಡೆ ನ್ಯೂಟ್ರಲ್‌ನಲ್ಲಿ ಕೂರಿಸಿರುತ್ತಾರೆ. ಗುಂಡು ಬಲ್ಬಿದ್ದಾಗ ಅದು ಗೊತ್ತಾಗುತ್ತಿರಲಿಲ್ಲ. ಎಲ್‌ಇಡಿಯಾದರೆ ಆರಿಸಿದ ಮೇಲೂ ಮಿಣಿಮಿಣಿ ಉರಿಯಬಹುದು. ಇಂಡಿಕೇಟರ್ ಇರುವ ಸ್ವಿಚ್ಚಿನಿಂದಲೂ ಹೀಗಾಗುವುದುಂಟು, ಅದು ಅಪಾಯವಲ್ಲ. ಆದರೆ ನ್ಯೂಟ್ರಲ್‌ನ ತಪ್ಪಿದ್ದರೆ ಸ್ವಿಚ್ಚು ಆರಿಸಿ ಬಲ್ಬು ಬದಲಿಸುವವನ ಬೆರಳಿಗೆ ಫೇಸ್ ಕಾಯುತ್ತಿರುತ್ತದೆ. ಟೆಸ್ಟರ್ ಹಿಡಿದವರನ್ನು ಕರೆಸಿ ನೋಡಿಸಬೇಕು.

ಹಿತ್ತಲ ಬಾಗಿಲು ಮತ್ತು ಪೋಡು

ಚಾಮರಾಜನಗರ ಜಿಲ್ಲೆಗೆ ತನ್ನದೇ ಒಂದು ಅಗತ್ಯವಿದೆ. ಬಂಡೀಪುರ, ಬಿಳಿಗಿರಿರಂಗನಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಕಾಡಂಚಿನ ಊರುಗಳಲ್ಲಿ ಚಿರತೆ, ಆನೆ, ಕಾಡುಹಂದಿ ಮನೆಬಾಗಿಲವರೆಗೂ ಬರುತ್ತವೆ. ಹಾವು ಚೇಳಿಗಂತೂ ಕಾಡೇ ಬೇಕಿಲ್ಲ. ಇಲ್ಲಿ ಹಿತ್ತಲಿನ, ಕೊಟ್ಟಿಗೆಯ ದೀಪಗಳ ಸ್ವಿಚ್ಚು ಒಳಗೇ ಇರಬೇಕು: ಮೊದಲು ಬೆಳಕು, ಆಮೇಲೆ ಕಿಟಕಿಯಲ್ಲೊಂದು ನೋಟ, ಕೊನೆಗೆ ಚಿಲಕ. ಬಚ್ಚಲಿನ ಸ್ವಿಚ್ಚು ಹೊರಗಿರಬೇಕೆನ್ನುವುದು ಒದ್ದೆ ಕೈಯ ಕಾರಣಕ್ಕೆ. ಹಿತ್ತಲಿನದು ಒಳಗಿರಬೇಕೆನ್ನುವುದು ಪ್ರಾಣದ ಕಾರಣಕ್ಕೆ.

ಕಾಡೊಳಗಿನ ಸೋಲಿಗ ಬುಡಕಟ್ಟಿನವರ ಪೋಡುಗಳಲ್ಲಿ, ಎಂದರೆ ಅವರ ಹಟ್ಟಿಗಳಲ್ಲಿ, ಅರಣ್ಯದ ನಿರ್ಬಂಧಗಳಿಂದ ತಂತಿ ಎಳೆಯುವುದೇ ಕಷ್ಟವಾಗಿ, ಹಲವು ಕಡೆ ಮೊದಲು ಬಂದದ್ದು ಸೋಲಾರ್. ಕಡಿಮೆ ವೋಲ್ಟೇಜಿನ ಡಿಸಿ ಕರೆಂಟು ಉದ್ದ ವೈರಿನಲ್ಲಿ ಸೊರಗುತ್ತದೆ. ಹಾಗಾಗಿ ಬ್ಯಾಟರಿ, ಸ್ವಿಚ್ಚು, ದೀಪ ಮೂರೂ ಹತ್ತಿರ ಹತ್ತಿರ. ಊರಿನಲ್ಲಿ ಬೆಲೆ ಮಾಡಿದ್ದನ್ನು ಇಲ್ಲಿ ವಿಜ್ಞಾನ ಮಾಡಿತು: ಮತ್ತೆ ವೈರಿನ ಲೆಕ್ಕ.

ಈಗಿನ ಮಾತು

ಬ್ರಿಟನ್ನಿನಲ್ಲಿ 1999ರಿಂದ ಹೊಸ ಮನೆಗಳ ಸ್ವಿಚ್ಚು, ಸಾಕೆಟ್ಟುಗಳು ನೆಲದಿಂದ 450ರಿಂದ 1,200 ಮಿಲಿಮೀಟರ್ ಒಳಗಿರಬೇಕು. ಗಾಲಿಕುರ್ಚಿಯಲ್ಲಿ ಕುಳಿತವರಿಗೂ ಎಟುಕಲಿ ಎಂದು. ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದ ಮೇಲೆ ಸಾರ್ವಜನಿಕ ಕಟ್ಟಡಗಳಲ್ಲಿ ಈ ಮಾತು ಕೇಳಿಬರುತ್ತಿದೆ. ಖಾಸಗಿ ಮನೆಯೊಳಗೆ ಇನ್ನೂ ಬಂದಿಲ್ಲ. ಸೆನ್ಸರ್, ಮೊಬೈಲಿನ ಸ್ವಿಚ್ಚು ಬಂದಿವೆ. ಆದರೆ ನೆಟ್‌ವರ್ಕ್ ಹೋದಾಗ ಎಲ್ಲರೂ ಗೋಡೆಗೇ ಬರುತ್ತಾರೆ.

ಸ್ವಿಚ್ಚು ಸರಿಯಾದ ಜಾಗಕ್ಕೆ ಬರಲು ಹೊಸ ತಂತ್ರಜ್ಞಾನ ಬೇಡ. ಗೋಡೆ ಕೊರೆಯುವ ಮೊದಲು ಬಡಗಿಯನ್ನೂ ವೈರಿಂಗ್‌ನವನನ್ನೂ ಒಂದು ದಿನ ಒಟ್ಟಿಗೆ ನಿಲ್ಲಿಸಿ, ಕದ ತೆರೆಯುವ ಕಡೆಯನ್ನು ಸೀಮೆಸುಣ್ಣದಲ್ಲಿ ಗುರುತು ಹಾಕಿಸಬೇಕು. ಮನೆಯ ಹಿರಿಯರನ್ನೂ ಹೆಂಗಸರನ್ನೂ ಕರೆದು, ಹಾಲು ಅಥವಾ ಮಗು ಒಂದು ಕೈಯಲ್ಲಿದ್ದಾಗ ಇನ್ನೊಂದು ಕೈ ಎಲ್ಲಿಗೆ ಹೋಗುತ್ತದೆಂದು ಕೇಳಬೇಕು. ಯಜಮಾನನೂ ಗುತ್ತಿಗೆದಾರನೂ ಇಷ್ಟು ದಿನ ಕೇಳದೆ ಬಿಟ್ಟದ್ದು ಅವರನ್ನೇ.