ವಿವರಣೆ: ಪಾರ್ಕ್‌ನ ಸ್ಕೀ ಹಾದಿ ಇವತ್ತು ಹೇಗಿದೆ?

ಕ್ರಾಸ್‌ ಕಂಟ್ರಿ ಸ್ಕೀಯಿಂಗ್‌ಗೆ ದೊಡ್ಡ ಬೆಟ್ಟ ಬೇಡ, ಲಿಫ್ಟ್‌ ಬೇಡ, ರೆಸಾರ್ಟ್‌ ಬೇಡ. ಏರಿಳಿತದ ಹಿಮದ ಮೇಲೆ ಕೈಕಾಲಿನ ಬಲದಿಂದಲೇ ಕಿಲೋಮೀಟರ್‌ಗಟ್ಟಲೆ ಸಾಗುವ ಆಟ ಇದು. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಇದು ನಡೆಯೋದು ನಗರದ ಥಿಯೋಡರ್‌ ವರ್ತ್‌ ಪಾರ್ಕ್‌ನಲ್ಲಿ. ಮನೆಯಿಂದ ಹೊರಡುವ ಮುಂಚೆ ಅಲ್ಲಿನವರು ಹಾದಿಯ ಸ್ಥಿತಿಯ ವರದಿ ನೋಡ್ತಾರೆ. ಆ ವರದಿಯನ್ನು ಓದೋದು ಹೇಗೆ?

‘ಗ್ರೂಮ್‌’ ಆಗಿದೆ ಅಂದ್ರೆ?

ಯಂತ್ರವೊಂದು ಹಿಮವನ್ನು ಪುಡಿಮಾಡಿ, ಹರಡಿ, ಒತ್ತಿ ಗಟ್ಟಿ ಮಾಡಿದೆ ಅಂತ ಅರ್ಥ. ಕ್ಲಾಸಿಕ್‌ ಶೈಲಿಯವರಿಗೆ ರೈಲು ಹಳಿಯಂತೆ ಎರಡು ಗೀರು. ಸ್ಕೇಟಿಂಗ್‌ ಶೈಲಿಯವರಿಗೆ ಅಗಲವಾದ ಸಪಾಟು ಹಾದಿ. ಈ ಕೆಲಸ ಹೆಚ್ಚಾಗಿ ರಾತ್ರಿ ಇಲ್ಲವೇ ನಸುಕಿನಲ್ಲಿ ನಡೆಯುತ್ತೆ. ಒತ್ತಿದ ಹಿಮದ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳಲು ಕೆಲವು ಗಂಟೆ ಬೇಕು. ಆ ಹೊತ್ತಿನಲ್ಲಿ ಯಾರಾದರೂ ನಡೆದು ಹೋದರೆ, ಹೆಜ್ಜೆಗುರುತುಗಳು ಹಾಗೇ ಹೆಪ್ಪುಗಟ್ಟಿ ಗುಂಡಿಗಳಾಗುತ್ತವೆ.

ಹಾದಿ ಕೆಡೋದು ಯಾಕೆ?

ಚಳಿ ಕಡಿಮೆಯಾಗಿದ್ದಕ್ಕೆ ಮಾತ್ರ ಅಲ್ಲ. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿದರೆ ಬೆಳಿಗ್ಗೆ ಹಾದಿ ಗಾಜಿನಂತಾಗಿರುತ್ತೆ. ಮಳೆ ಬಿದ್ದರೆ ಇನ್ನೂ ಕಷ್ಟ. ಹಿಮದ ಪದರ ತೆಳುವಾದರೆ ಯಂತ್ರ ಮಣ್ಣನ್ನೇ ಮೇಲಕ್ಕೆ ಎಳೆದು ತರುತ್ತೆ.

ಕೃತಕ ಹಿಮ ಪರಿಹಾರವೇ?

ಅರ್ಧ ಮಾತ್ರ. ನೀರನ್ನು ಸಣ್ಣ ಹನಿಗಳಾಗಿ ಸಿಡಿಸಿ ಹಿಮ ಮಾಡೋಕೂ ಚಳಿ ಬೇಕು. ತೇವಾಂಶವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ‘ವೆಟ್‌ ಬಲ್ಬ್‌’ ತಾಪಮಾನ ಸುಮಾರು ಮೈನಸ್‌ 2 ಡಿಗ್ರಿಗಿಂತ ಕೆಳಗಿರಬೇಕು. ಈ ಹಿಮ ಸಾಂದ್ರವಾಗಿರುತ್ತೆ, ಬೇಗ ಕರಗಲ್ಲ. ಆದರೆ ನೀರು, ವಿದ್ಯುತ್‌, ಪಂಪು, ಪೈಪು ಎಲ್ಲದಕ್ಕೂ ದುಡ್ಡು ಬೇಕು. ಹಾಗಾಗಿ ಇಡೀ ಹಾದಿಗೆ ಅಲ್ಲ, ಒಂದು ಸುತ್ತಿಗಷ್ಟೇ ಹಿಮ ಹಾಸೋದು ರೂಢಿ.

2024ರ ಚಳಿಗಾಲ ಇದನ್ನು ತೋರಿಸಿಕೊಟ್ಟಿತು. ಆ ಫೆಬ್ರವರಿಯಲ್ಲಿ ವರ್ತ್‌ ಪಾರ್ಕ್‌ನಲ್ಲಿ ವಿಶ್ವಕಪ್‌ ನಡೆಯಿತು. 2001ರ ನಂತರ ಅಮೆರಿಕದ ನೆಲದಲ್ಲಿ ಅದೇ ಮೊದಲು. ಚಳಿಗಾಲ ಎಷ್ಟು ಬೆಚ್ಚಗಿತ್ತೆಂದರೆ ಓಟದ ಹಾದಿ ನಿಂತಿದ್ದೇ ಕೃತಕ ಹಿಮದ ಮೇಲೆ. ಅದೇ ತಿಂಗಳು ಪಕ್ಕದ ವಿಸ್ಕಾನ್ಸಿನ್‌ನಲ್ಲಿ, 50 ಕಿ.ಮೀ. ಉದ್ದಕ್ಕೆ ಸಾಗಬೇಕಿದ್ದ ‘ಬರ್ಕಬೈನರ್‌’ ಓಟವನ್ನು 10 ಕಿ.ಮೀ. ಕೃತಕ ಹಿಮದ ಸುತ್ತಿನಲ್ಲಿ ನಡೆಸಬೇಕಾಯಿತು.

ಇದರಲ್ಲಿ ರಾಜಕೀಯ ಎಲ್ಲಿದೆ?

ಆಕಾಶದಿಂದ ಬೀಳುವ ಹಿಮ ಎಲ್ಲ ಬಡಾವಣೆಗಳ ಪಾರ್ಕ್‌ಗೂ ಬೀಳುತ್ತೆ. ಯಂತ್ರದ ಹಿಮ ಎಲ್ಲಿ ಬೀಳಬೇಕು ಅನ್ನೋದನ್ನು ಯಾರೋ ಕೂತು ತೀರ್ಮಾನಿಸಬೇಕು. ಸ್ಕೀ ಪಾಸ್‌ನ ದರ ಎಷ್ಟು, ಶಾಲಾ ಮಕ್ಕಳಿಗೆ ಎಷ್ಟು ಹೊತ್ತು, ಯಂತ್ರಕ್ಕೆ ಹಣ ಯಾರದು? ಮಿನಿಯಾಪೊಲಿಸ್‌ನಲ್ಲಿ ಪಾರ್ಕ್‌ಗಳ ಮಂಡಳಿಗೇ ಪ್ರತ್ಯೇಕ ಚುನಾವಣೆ ಇದೆ; ಅದರ 9 ಸದಸ್ಯರನ್ನು ಜನರೇ ಆರಿಸುತ್ತಾರೆ. ಅಂದರೆ ಇಂಥ ಪ್ರಶ್ನೆಗಳನ್ನು ಮತ ಕೇಳಲು ಬಂದವರ ಮುಂದಿಡಬಹುದು.

ಈ ಕೊರತೆ ನಮಗೂ ದೂರದ್ದಲ್ಲ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಇದೇ ಆಟದಲ್ಲಿ ಭಾರತವನ್ನು ಪ್ರತಿನಿಧಿಸುವವರು. 2025ರ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ನಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನು ಹಿಮ ಸಾಲದೆ ಮಾರ್ಚ್‌ಗೆ ಮುಂದೂಡಲಾಯಿತು. ಹಾದಿಯ ವರದಿಯಲ್ಲಿ ‘ಮುಚ್ಚಿದೆ’ ಅಂತ ಕಂಡಾಗ ಹವಾಮಾನವನ್ನು ಬೈದು ಸುಮ್ಮನಾಗೋದು ಸುಲಭ. ಉಳಿದಷ್ಟು ಹಿಮ ಯಾರ ಪಾಲಿಗೆ ಹೋಗ್ತಿದೆ ಅಂತಲೂ ಕೇಳಬೇಕು.